ಕಾಫಿಯ ಪಾಕವಿಚಾರ: ಕ್ವಾಥವೇ, ಫಾಂಟವೇ?

ಬಾಗಲಕೋಟೆ ಜಿಲ್ಲೆಯಲ್ಲಿ ಹುನಗುಂದದ ಸೀಮೆಗೆ ಸೇರಿದ ಅಮೀನಗಡವು ಐಹೊಳೆಯ ದೇವಾಲಯಗಳನ್ನು ನೋಡಹೋಗುವವರಿಗೆ ದಾರಿಯಲ್ಲಿ ಸಿಕ್ಕುವ ಊರು. ಕುರಿಗಳ ಸಂತೆಗೂ ಕರದಂಟಿಗೂ ಹೆಸರಾದುದು. ಕರಿದ ಅಂಟನ್ನು ಕೊಬ್ಬರಿ, ಒಣಹಣ್ಣುಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸಿ ಮಾಡುವ ಆ ಭಕ್ಷ್ಯದ ಗುಣವೆಲ್ಲ ಪಾಕದಲ್ಲಿರುವುದೆಂಬುದನ್ನು ಅಲ್ಲಿಯ ಜನರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಬೆಲ್ಲವು ಹದಕ್ಕೆ ಬರುವ ಮೊದಲೇ ಇಳಿಸಿದರೆ ಕರದಂಟು ಕಟ್ಟಿಕೊಳ್ಳದು. ಹದ ಮೀರಿದರೆ ಹಲ್ಲಿಗೆ ಬಗ್ಗದು. ಇಂಥ ಊರಿನಲ್ಲಿ ಅತಿಥಿಯ ಮುಂದೆ ಬರುವ ಪಾನೀಯವು ಚಹ; ಕಾಫಿಯು ಬಂದರೂ ಬಹುಮಟ್ಟಿಗೆ ಚಹದ ಪಾತ್ರೆಯಲ್ಲಿಯೇ, ಚಹದ ಕ್ರಮದಿಂದಲೇ ಸಿದ್ಧವಾಗುತ್ತದೆ. ಬೆಂಗಳೂರು ಮೈಸೂರುಗಳಲ್ಲಿ ಓದಿ, ನೌಕರಿಮಾಡಿ ಊರಿಗೆ ಬರುವವರು ಫಿಲ್ಟರನ್ನೂ ಪುಡಿಯನ್ನೂ ಜೊತೆಯಲ್ಲಿ ತಂದಾಗ ಅಡಿಗೆಯ ಮನೆಯಲ್ಲಿ ಒಂದು ವಾದವು ಹುಟ್ಟುತ್ತದೆ: ಪುಡಿಯನ್ನು ಕುದಿಸಬೇಕೋ, ಅಥವಾ ಅದರ ಮೇಲೆ ಬಿಸಿನೀರನ್ನು ಹೊಯ್ದು ಇಳಿಸಬೇಕೋ? ಕುದಿಯದ ಕಷಾಯವು ಕಷಾಯವೇ ಅಲ್ಲವೆಂದು ಹಿರಿಯರೂ, ಕುದಿಸಿದುದು ಕಾಫಿಯೇ ಅಲ್ಲವೆಂದು ಕಿರಿಯರೂ ಹೇಳುತ್ತಾರೆ. ಇದನ್ನು ಕೇವಲ ರುಚಿಭೇದವೆಂದು ಬಿಟ್ಟುಬಿಡುವುದು ರೂಢಿ. ಆದರೆ ಇದರ ಹಿಂದೆ ಮುನ್ನೂರು ವರ್ಷಗಳನ್ನು ಮೀರಿದ ಚರಿತ್ರೆಯೊಂದಿರುವುದರಿಂದಲೂ, ಉಭಯಪಕ್ಷಗಳಲ್ಲಿಯೂ ಅರ್ಧ ಸತ್ಯವಿರುವುದರಿಂದಲೂ ಇದನ್ನು ಕೊಂಚ ವಿಮರ್ಶಿಸುವುದು ಯುಕ್ತವಾಗಿದೆ.

ಮೊದಲು ಪದಾರ್ಥದ ವಿಚಾರ. ಕಾಫಿಯು ಭಾರತದ ಪ್ರಾಚೀನ ಗ್ರಂಥಗಳಿಗೆ ಅಪರಿಚಿತವಾದುದು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ (ಸು. ೧೧೩೦) ಅನ್ನಪಾನಾದಿ ಭೋಗಗಳು ವಿಸ್ತಾರವಾಗಿ ಬಂದಿವೆ; ಮೂರನೆಯ ಮಂಗರಸನ ಕನ್ನಡ ಸೂಪಶಾಸ್ತ್ರದಲ್ಲಿ (ಸು. ೧೫೦೮) ಪಾನಕಗಳಿಗೆ ಪ್ರತ್ಯೇಕವಾದ ಅಧ್ಯಾಯವೇ ಉಂಟು. ಅಲ್ಲೆಲ್ಲ ಕಾಫಿಯನ್ನು ಹುಡುಕುವುದು ವ್ಯರ್ಥ. ಏಕೆಂದರೆ ಯಮನ್ ದೇಶದ ಸೂಫಿಗಳು ರಾತ್ರಿಯ ಜಾಗರಣೆಗಾಗಿ ಇದನ್ನು ಕುಡಿಯತೊಡಗಿದುದೇ ಹದಿನೈದನೆಯ ಶತಮಾನದಲ್ಲಿ. ಅರಬ್ಬೀ ಭಾಷೆಯಲ್ಲಿ ಬೀಜಕ್ಕೆ ‘ಬುನ್’ ಎಂದೂ ಪಾನೀಯಕ್ಕೆ ‘ಕಹ್ವಾ’ ಎಂದೂ ಹೆಸರು. ಈ ಎರಡನೆಯ ಶಬ್ದವೇ ತುರ್ಕರ ಬಾಯಲ್ಲಿ ‘ಕಹ್ವೆ’ಯಾಗಿ, ಯೂರೋಪಿನ ಭಾಷೆಗಳನ್ನು ಸುತ್ತಿಕೊಂಡು, ಕನ್ನಡಕ್ಕೆ ‘ಕಾಫಿ’ಯಾಗಿ ಬಂದಿತು. ಬೀಜವು ಅರಬ್ಬೀ ಸಮುದ್ರವನ್ನು ನೇರವಾಗಿ ದಾಟಿ ಬಂದಿತು. ಹೆಸರು ಮಾತ್ರ ಭೂಪ್ರದಕ್ಷಿಣೆ ಮಾಡಿ ಬಂದಿತು.

ಪದಾರ್ಥವು ಹೊಸದಾದರೂ ಅದನ್ನು ನೀರಿನಲ್ಲಿ ಇಳಿಸುವ ಉಪಾಯಗಳು ಹೊಸವಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಕಷಾಯಕಲ್ಪನೆಗಳು ಐದೆಂದು ಹೇಳಿದೆ: ಸ್ವರಸ, ಕಲ್ಕ, ಶೃತ, ಶೀತ, ಫಾಂಟ. ಹಿಂಡಿದ ರಸವು ಸ್ವರಸ; ಅರೆದ ಮುದ್ದೆಯು ಕಲ್ಕ; ಬೆಂಕಿಯ ಮೇಲೆ ಕುದಿಸಿದುದು ಶೃತ, ಅದಕ್ಕೇ ಕ್ವಾಥವೆಂದು ಹೆಸರು; ತಣ್ಣೀರಿನಲ್ಲಿ ರಾತ್ರಿಯೆಲ್ಲ ನೆನೆಯಿಸಿದುದು ಶೀತ ಅಥವಾ ಹಿಮ; ಬಿಸಿನೀರಿನ ಸಂಪರ್ಕದಿಂದ ರಸವನ್ನು ತೆಗೆದುದು ಫಾಂಟ. ಕಷಾಯವೆಂಬುದು ಈ ಐದಕ್ಕೂ ಸಾಧಾರಣವಾದ ಹೆಸರು. ಆದಕಾರಣ ಕುದಿಯದುದು ಕಷಾಯವಲ್ಲವೆಂಬ ಹಿರಿಯರ ಮಾತು ಶಾಸ್ತ್ರದೃಷ್ಟಿಯಿಂದ ನಿಲ್ಲುವುದಿಲ್ಲ.

ಫಾಂಟಶಬ್ದದ ವಿಷಯದಲ್ಲಿ ವ್ಯಾಕರಣದವರಿಗೂ ಒಂದು ಮಾತುಂಟು. ಪಾಣಿನಿಯು ಏಳನೆಯ ಅಧ್ಯಾಯದ ಎರಡನೆಯ ಪಾದದ ಹದಿನೆಂಟನೆಯ ಸೂತ್ರದಲ್ಲಿ ಕ್ಷುಬ್ಧ, ಸ್ವಾಂತ, ಧ್ವಾಂತ ಮೊದಲಾದ ಶಬ್ದಗಳ ಜೊತೆಯಲ್ಲಿ ಫಾಂಟಶಬ್ದವನ್ನೂ ನಿಪಾತಿಸಿ, ಅದಕ್ಕೆ ‘ಅನಾಯಾಸ’ವೆಂಬ ಅರ್ಥವನ್ನು ವಿಧಿಸಿದ್ದಾನೆ. ಕಾಶಿಕಾವೃತ್ತಿಯು ಇದನ್ನು ಬಿಡಿಸಿ, ಬೇಯಿಸದೆಯೂ ಅರೆಯದೆಯೂ ನೀರಿನ ಸಂಪರ್ಕಮಾತ್ರದಿಂದ ರಸವು ಬೇರ್ಪಟ್ಟು ಈಷದುಷ್ಣವಾಗಿರುವ ಕಷಾಯವೇ ಫಾಂಟವೆಂದು ತಿಳಿಸುತ್ತದೆ. ವೈದ್ಯರು ಔಷಧವನ್ನು ಕುಟ್ಟಿ ಹಾಕಬೇಕೆನ್ನುತ್ತಾರೆ, ವೈಯಾಕರಣರು ಅರೆಯಕೂಡದೆನ್ನುತ್ತಾರೆ. ಇಲ್ಲಿ ವಿರೋಧವಿಲ್ಲ. ತರಿತರಿಯಾಗಿ ಕುಟ್ಟುವುದು ಬೇರೆ, ನುಣ್ಣಗೆ ಅರೆಯುವುದು ಬೇರೆ. ಕಾಫಿಯ ಪುಡಿಯನ್ನು ಮೈದಾದಂತೆ ನುಣುಪುಮಾಡಿ ಫಿಲ್ಟರಿಗೆ ಹಾಕಿ, ರಂಧ್ರಗಳು ಕಟ್ಟಿ, ಒಂದು ಹನಿಯೂ ಇಳಿಯದೆ ಕಾದು ಕುಳಿತವರಿಗೆ ಈ ಭೇದವು ವೃತ್ತಿಗ್ರಂಥವನ್ನೋದದೆಯೇ ಗೊತ್ತಿರುತ್ತದೆ.

ಪ್ರಮಾಣಗಳನ್ನು ಹೇಳುವವನು ಶಾರ್ಙ್ಗಧರ. ಅವನ ಸಂಹಿತೆಯ ಮಧ್ಯಮಖಂಡದ ಪ್ರಕಾರ ಕ್ವಾಥಕ್ಕೆ ಒಂದು ಪಲ ದ್ರವ್ಯ, ಹದಿನಾರು ಪಾಲು ನೀರು. ಅದನ್ನು ಎಂಟನೆಯ ಒಂದಂಶ ಉಳಿಯುವವರೆಗೆ ಕಾಯಿಸಬೇಕು. ಫಾಂಟಕ್ಕೆ ಒಂದು ಪಲ ದ್ರವ್ಯದ ಮೇಲೆ ಒಂದು ಕುಡವ, ಅರ್ಥಾತ್ ನಾಲ್ಕು ಪಲ ಬಿಸಿನೀರನ್ನು ಹೊಯ್ದು, ಬಟ್ಟೆಯ ಮೂಲಕ ಸ್ರವಿಸುವಂತೆ ಮಾಡಬೇಕು. ಹಿಮಕ್ಕೆ ಆರು ಪಲ ತಣ್ಣೀರು, ಒಂದು ರಾತ್ರಿಯ ಕಾಲ. ಇನ್ನು ಕ್ಷೀರಪಾಕವೆಂಬುದೊಂದುಂಟು: ದ್ರವ್ಯದ ಎಂಟರಷ್ಟು ಹಾಲು, ಹಾಲಿನ ನಾಲ್ಕರಷ್ಟು ನೀರು, ನೀರೆಲ್ಲ ಇಂಗಿ ಹಾಲು ಮಾತ್ರ ಉಳಿಯುವವರೆಗೆ ಕುದಿ. ಮೈಸೂರಿನ ಕಡೆಯ ಮನೆಗಳಲ್ಲಿ ಫಿಲ್ಟರಿಗೆ ಹಾಕುವ ಪುಡಿಗೂ ನೀರಿಗೂ ಇರುವ ಅನುಪಾತವು ಸುಮಾರು ಒಂದಕ್ಕೆ ನಾಲ್ಕು ಅಥವಾ ಐದು ಎಂಬುದನ್ನು ಇದರೊಡನೆ ಹೋಲಿಸಿದರೆ ಆಶ್ಚರ್ಯವಾಗುತ್ತದೆ. ಇಷ್ಟರಿಂದಲೇ ಕಾಫಿಯ ಫಿಲ್ಟರು ಶಾರ್ಙ್ಗಧರನ ಕಾಲದಲ್ಲಿತ್ತೆಂದು ಸಾಧಿಸಹೊರಡುವುದು ಹಾಸ್ಯಾಸ್ಪದವಾಗುತ್ತದೆ. ದಟ್ಟವಾದ ರಸವನ್ನು ಸ್ವಲ್ಪ ನೀರಿನಲ್ಲಿ ತೆಗೆಯಬೇಕಾದ ಕಡೆ ಯಾವ ದೇಶದ, ಯಾವ ಕಾಲದ ಪಾಚಕನಾದರೂ ಈ ಲೆಕ್ಕದ ಸಮೀಪಕ್ಕೇ ಬರುತ್ತಾನೆ. ಗ್ರಂಥದಿಂದ ಆಗುವ ಉಪಕಾರವು ಪರಿಭಾಷೆಯದು; ವಂಶಾವಳಿಯದಲ್ಲ.

ಈಗ ಚರಿತ್ರೆಗೆ ಬರಬಹುದು. ಭಾರತದಲ್ಲಿ ಕಾಫಿಯ ಮೊದಲ ಪಾಕವು ಕ್ವಾಥವೇ ಆಗಿತ್ತೆನ್ನಲು ಆಧಾರಗಳುಂಟು. ಜಹಾಂಗೀರನ ಆಸ್ಥಾನಕ್ಕೆ ಆಂಗ್ಲರ ರಾಯಭಾರಿಯಾಗಿ ಬಂದಿದ್ದ ಸರ್ ಥಾಮಸ್ ರೋನ ಜೊತೆಯಲ್ಲಿ ೧೬೧೬ರಿಂದ ೧೬೧೯ರವರೆಗೆ ಇದ್ದ ಪಾದ್ರಿ ಎಡ್ವರ್ಡ್ ಟೆರಿಯು, ಮತನಿಷ್ಠರಾದವರು ಮದ್ಯವನ್ನು ಮುಟ್ಟದೆ ಕಪ್ಪು ಬೀಜವೊಂದನ್ನು ನೀರಿನಲ್ಲಿ ಕುದಿಸಿ ಕುಡಿಯುತ್ತಿದ್ದರೆಂದೂ, ಅದರಿಂದ ನೀರಿನ ಬಣ್ಣವು ಬದಲಾಗುವಷ್ಟು ರುಚಿಯು ಬದಲಾಗದೆಂದೂ ಬರೆದಿದ್ದಾನೆ. ಆ ಪಾನೀಯಕ್ಕೆ ಕಾಫಿಯೆಂದೇ ಹೆಸರು ಹೇಳಿದ್ದಾನೆ. ಕನ್ನಡನಾಡಿನಲ್ಲಿ ಕಾಫಿಯ ಗಿಡವು ನೆಲೆನಿಂತುದು ಬಾಬಾ ಬುಡನ್ ಎಂಬ ಫಕೀರರಿಂದ. ಅವರು ಹದಿನೇಳನೆಯ ಶತಮಾನದಲ್ಲಿ ಮಕ್ಕೆಯ ಯಾತ್ರೆಯಿಂದ ಹಿಂದಿರುಗುವಾಗ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಪ್ರತೀತಿ. ಯಮನಿನಿಂದ ಬೀಜದೊಡನೆ ಪಾಕವೂ ಬಂದಿರಬೇಕೆಂದರೆ, ಅಲ್ಲಿಯ ಪಾಕವು ಕುದಿಸುವುದೇ ಆಗಿತ್ತು. ದೊಡ್ಡ ತೋಟಗಳು ಎದ್ದುದು ಬಹಳ ಈಚೆಗೆ. ಚಿಕ್ಕಮಗಳೂರಿನ ಸಮೀಪದಲ್ಲಿ ಥಾಮಸ್ ಕ್ಯಾನನ್ ಎಂಬವನ ತೋಟವು ೧೮೩೦ರ ಸುಮಾರಿನದು.

ಎರಡನೆಯ ಆಧಾರವು ಪ್ರತ್ಯಕ್ಷವಾದುದು. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಬೆಲ್ಲದ ಕಾಫಿಯು ಇಂದಿಗೂ ಉಳಿದಿದೆ. ನೀರಿಗೆ ಬೆಲ್ಲವನ್ನು ಹಾಕಿ, ಕುದಿ ಬಂದ ಮೇಲೆ ಪುಡಿಯನ್ನು ಹಾಕಿ, ಇಳಿಸಿ, ಚರಟವು ತಳಕ್ಕೆ ಕೂತ ಮೇಲೆ ಸೋಸಿ, ಹಾಲಿಲ್ಲದೆಯೇ ಕುಡಿಯುವುದು ಅಲ್ಲಿಯ ಕ್ರಮ. ಬೀಜವು ಹಿತ್ತಿಲಿನದು, ಹುರಿಯುವ ಬಾಣಲೆಯು ಮನೆಯದು, ಸೋಸುವ ಬಟ್ಟೆಯು ಹಳೆಯ ಪಂಚೆಯದು. ಇದಕ್ಕೆ ಅಂಗಡಿಯ ಸಾಮಗ್ರಿಯು ಒಂದೂ ಬೇಕಾಗಿಲ್ಲ. ಕಾಫಿಯು ಬೆಳೆಯುವ ನೆಲದಲ್ಲಿಯೇ ಹಳೆಯ ಪಾಕವು ಉಳಿದು, ಕೊಂಡು ಕುಡಿಯುವ ಪಟ್ಟಣಗಳಲ್ಲಿ ಹೊಸದು ಬೇರೂರಿರುವುದು ಗಮನಿಸತಕ್ಕ ವಿಷಯ.

ಮೂರನೆಯ ಆಧಾರವು ಎಲ್ಲರ ನಾಲಗೆಯ ಮೇಲೆಯೇ ಇದೆ. ಫಿಲ್ಟರಿನಿಂದ ಇಳಿದ ರಸಕ್ಕೆ ಕನ್ನಡಿಗರು ‘ಡಿಕಾಕ್ಷನ್’ ಎನ್ನುತ್ತಾರೆ. ಲ್ಯಾಟಿನ್ ಮೂಲದ ಆ ಇಂಗ್ಲಿಷ್ ಶಬ್ದಕ್ಕೆ ಕುದಿಸಿ ಇಂಗಿಸಿದುದು ಎಂಬುದೇ ಅರ್ಥ; ಅದು ಕ್ವಾಥಶಬ್ದಕ್ಕೆ ಸರಿಯಾದ ಪರ್ಯಾಯ. ಫಿಲ್ಟರಿನಲ್ಲಾದರೋ ಯಾವುದೂ ಕುದಿಯುವುದಿಲ್ಲ. ಅಲ್ಲಿ ಆಗುವುದು ಶುದ್ಧವಾದ ಫಾಂಟ. ಹಾಗಾದರೆ ಈ ಹೆಸರು ಹೇಗೆ ಬಂದಿತು? ಎಳ್ಳಿನ ಸ್ನೇಹಕ್ಕೆ ಹುಟ್ಟಿದ ತೈಲಶಬ್ದವು ಸಾಸಿವೆಯ ಸ್ನೇಹಕ್ಕೂ ಸಲ್ಲುವಂತೆ, ‘ಎಳ್’, ‘ನೆಯ್’ ಎಂಬೆರಡು ಪದಗಳಿಂದಾದ ಎಣ್ಣೆಯು ಕೊಬ್ಬರಿಗೂ ಅಂಟಿಕೊಂಡಂತೆ, ವಸ್ತುವು ಬದಲಾದರೂ ಹೆಸರು ಉಳಿಯಿತೆಂದು ಹೇಳುವುದೇ ಸಮಂಜಸ. ಮೊದಲು ಕುದಿಸುತ್ತಿದ್ದರು, ಕುದಿಸಿದುದನ್ನು ಡಿಕಾಕ್ಷನ್ ಎಂದರು, ಕುದಿಸುವುದು ನಿಂತಿತು, ಹೆಸರು ನಿಂತಲ್ಲಿಯೇ ನಿಂತಿತು. ಅಮೀನಗಡದ ಹಿರಿಯರು ಹೇಳುವ ಮಾತು ಈ ಅಂಶದಲ್ಲಿ ನಿಜ: ಕುದಿಸಿದ ಕಾಫಿಯು ಅನಾಗರಿಕರ ಅಪಪಾಕವಲ್ಲ, ಅದೇ ಪೂರ್ವಪಾಕ.

ಕುದಿಯಿಂದ ಇಳಿತಕ್ಕೆ ಆದ ಪರಿವರ್ತನೆಯು ಮೊದಲು ನಡೆದುದು ಫ್ರಾನ್ಸಿನಲ್ಲಿ. ೧೮೦೦ರ ಸುಮಾರಿಗೆ ಪ್ಯಾರಿಸ್ ನಗರದಲ್ಲಿ ಎರಡು ಅಂತಸ್ತಿನ ಪಾತ್ರೆಯೊಂದು ಬಳಕೆಗೆ ಬಂದಿತು. ಅಲ್ಲಿಯ ಆರ್ಚ್‌ಬಿಷಪ್ ದ ಬೆಲ್ಲೋಯ್ ಎಂಬವರ ಹೆಸರು ಅದಕ್ಕೆ ಸೇರಿಕೊಂಡಿದೆ. ಮೇಲಿನ ಪಾತ್ರೆಯ ತಳದಲ್ಲಿ ರಂಧ್ರಗಳು, ಅದರಲ್ಲಿ ಪುಡಿ, ಮೇಲಿಂದ ಬಿಸಿನೀರು, ಕೆಳಗೆ ರಸ. ಕೌಂಟ್ ರಮ್‌ಫರ್ಡನು ೧೮೧೨ರಲ್ಲಿ ಕಾಫಿಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಕುದಿಸುವುದರಿಂದ ಕಾಫಿಯ ಸುಗಂಧವು ಹಬೆಯೊಡನೆ ಹಾರಿಹೋಗುತ್ತದೆಂದೂ, ಪುಡಿಯನ್ನು ಸಮವಾಗಿ ಒತ್ತಿ ಕೂರಿಸಿದರೆ ನೀರು ಎಲ್ಲ ಕಡೆಯಲ್ಲಿಯೂ ಒಂದೇ ಪ್ರಕಾರವಾಗಿ ಇಳಿಯುತ್ತದೆಂದೂ ಪ್ರತಿಪಾದಿಸಿದನು. ಉಷ್ಣದ ಸ್ವರೂಪವನ್ನು ಶೋಧಿಸಿದ ಆ ಭೌತವಿಜ್ಞಾನಿಯು ಅಡಿಗೆಮನೆಯ ಒಲೆಗೂ ಕಾಫಿಯ ಪಾತ್ರೆಗೂ ಅಷ್ಟೇ ಗೌರವವನ್ನು ಕೊಟ್ಟುದು ಸ್ಮರಣೀಯ. ಮೈಸೂರು, ತಮಿಳು ಸೀಮೆಗಳ ಹಿತ್ತಾಳೆಯ ಫಿಲ್ಟರನ್ನು ಬಿಡಿಸಿ ನೋಡಿದರೆ ಇವೇ ಅಂಗಗಳು ಕಾಣುತ್ತವೆ: ರಂಧ್ರಗಳುಳ್ಳ ಮೇಲಿನ ಪಾತ್ರೆ, ಕೊಡೆಯಂತೆ ನಡುವೆ ಹಿಡಿಯುಳ್ಳ ಒತ್ತುತಟ್ಟೆ, ರಸವು ಕೂಡುವ ಕೆಳಗಿನ ಪಾತ್ರೆ, ಮುಚ್ಚಳ. ಅಂಗಸಾದೃಶ್ಯವು ಇಷ್ಟಿರುವಾಗ ಇವು ಒಂದೇ ಕುಲದವೆಂಬ ಅನುಮಾನವು ಬಲವಾಗುತ್ತದೆ.

ಆದರೆ ಫ್ರೆಂಚರ ಪಾತ್ರೆಯು ಕನ್ನಡದ ಮನೆಗೆ ಬಂದಾಗ ಅದರ ಕೆಲಸವು ಬದಲಾಯಿತು. ಅಲ್ಲಿ ಪುಡಿಗೆ ನೀರು ಹದಿನೈದು ಹದಿನಾರರಷ್ಟು. ಇಳಿದುದನ್ನು ಹಾಗೆಯೇ ಕುಡಿಯುವುದು. ಇಲ್ಲಿ ನೀರು ನಾಲ್ಕೈದರಷ್ಟು. ಇಳಿದುದು ಪಾನೀಯವಲ್ಲ, ಪಾನೀಯದ ಬೀಜ. ಬಿಸಿ ಹಾಲನ್ನೂ ಸಕ್ಕರೆಯನ್ನೂ ತಾಳಿಕೊಂಡು ತನ್ನ ರುಚಿಯನ್ನು ನಿಲ್ಲಿಸಿಕೊಳ್ಳುವಷ್ಟು ದಟ್ಟವಾಗಿರಬೇಕಾದುದರಿಂದ ಈ ವ್ಯತ್ಯಾಸವು ಅವಶ್ಯವಾಯಿತು. ಚಿಕೋರಿಯ ಬೇರಿನ ಪುಡಿಯೂ ಇದಕ್ಕೆ ಸಹಾಯವಾಯಿತು. ನೆಪೋಲಿಯನ್ನನು ೧೮೦೬ರಲ್ಲಿ ಆಂಗ್ಲರ ವ್ಯಾಪಾರಕ್ಕೆ ತಡೆಹಾಕಿದಾಗ ಕಾಫಿಯ ಅಭಾವದಿಂದ ಫ್ರಾನ್ಸಿನಲ್ಲಿ ಪ್ರಚಾರಕ್ಕೆ ಬಂದ ಆ ಬೇರು, ಇಲ್ಲಿ ಬಣ್ಣಕ್ಕೂ ದಟ್ಟತನಕ್ಕೂ ಆದರಣೀಯವಾಗಿ, ನೀರಿನ ಇಳಿತವನ್ನು ನಿಧಾನಮಾಡುವುದರಿಂದ ಫಿಲ್ಟರಿಗೆ ಒಗ್ಗಿಕೊಂಡಿತು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ನೂರಕ್ಕೆ ೫೧ಕ್ಕೆ ಕಡಿಮೆಯಿರಕೂಡದೆಂಬುದು ಈಗಿನ ಶಾಸನ. ಅಂದರೆ ನೂರಕ್ಕೆ ೪೯ರವರೆಗೆ ಬೇರನ್ನು ಕುಡಿಸಿಯೂ ಅದನ್ನು ಕಾಫಿಯ ಹೆಸರಿನಲ್ಲಿ ಮಾರಬಹುದು! ಪುಡಿಯ ಪೊಟ್ಟಣದ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಪಾತ್ರೆಯ ಗುಣದೋಷಗಳನ್ನು ಚರ್ಚಿಸುವುದು ನಿಷ್ಫಲ.

ಫಿಲ್ಟರಿನ ಸೌಕರ್ಯವು ರುಚಿಯೊಂದರಲ್ಲಿಯೇ ಇರಲಿಲ್ಲ. ಬೆಳಗಿನ ಜಾವದಲ್ಲಿ ಒಮ್ಮೆ ಡಿಕಾಕ್ಷನ್ ಹಾಕಿದರೆ, ಎದ್ದವರು ಎದ್ದಂತೆ, ಬಂದವರು ಬಂದಂತೆ, ಹಾಲನ್ನು ಕಾಯಿಸಿ ಬೆರೆಸಿಕೊಡಬಹುದು. ಸ್ನಾನ, ಸಂಧ್ಯೆ, ಪೂಜೆ, ಕಚೇರಿಗಳ ಕಾಲವು ಒಬ್ಬೊಬ್ಬರಿಗೆ ಒಂದೊಂದಾಗಿದ್ದ ಕೂಡುಕುಟುಂಬಗಳಿಗೆ ಇದಕ್ಕಿಂತ ಅನುಕೂಲವಾದ ಯಂತ್ರವು ಮತ್ತೊಂದಿಲ್ಲ. ಪಾಣಿನಿಯ ‘ಅನಾಯಾಸ’ವು ಇಲ್ಲಿ ಸಾರ್ಥಕವಾಯಿತು. ಆದರೆ ಅನಾಯಾಸವು ಕುಡಿಯುವವರದು. ಬೀಜವನ್ನು ಹುರಿದು, ಕೈಯಂತ್ರದಲ್ಲಿ ತಿರುವಿ ಪುಡಿಮಾಡಿ, ಜಾವದಲ್ಲಿ ಎದ್ದು ನೀರು ಹೊಯ್ಯುತ್ತಿದ್ದ ಹೆಂಗಸರದಲ್ಲವೆಂಬುದನ್ನೂ ಇಲ್ಲಿ ಹೇಳದೆ ಬಿಡುವುದು ನ್ಯಾಯವಲ್ಲ.

ಇಷ್ಟು ಸೌಕರ್ಯವಿದ್ದ ಪಾತ್ರೆಯು ಅಮೀನಗಡದ ಕಡೆ ಏಕೆ ಹರಡಲಿಲ್ಲ? ಕಾರಣವು ರುಚಿಯಲ್ಲಿಲ್ಲ, ರಾಜ್ಯದ ಎಲ್ಲೆಗಳಲ್ಲಿದೆ. ಕಾಫಿಯ ಬೆಟ್ಟಗಳು ಮೈಸೂರು ಸಂಸ್ಥಾನದಲ್ಲಿಯೂ ಕೊಡಗಿನಲ್ಲಿಯೂ ಇದ್ದವು. ಅಮೀನಗಡವು ವಿಜಾಪುರ ಜಿಲ್ಲೆಗೆ ಸೇರಿ, ೧೯೫೬ರ ರಾಜ್ಯಪುನರ್ವಿಂಗಡಣೆಯವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಅದರ ವ್ಯವಹಾರದ ಮುಖವು ಸೊಲ್ಲಾಪುರ, ಪುಣೆ, ಮುಂಬಯಿಗಳ ಕಡೆಗಿತ್ತು. ಆ ದಿಕ್ಕಿನಿಂದ ಬಂದುದು ಚಹ. ದಕ್ಷಿಣದವರು ‘ಟೀ’ ಎನ್ನುವಲ್ಲಿ ಉತ್ತರದವರು ಮರಾಠಿಗರಂತೆ ‘ಚಹ’ ಎನ್ನುವುದೇ ಇದಕ್ಕೆ ಸಾಕ್ಷಿ. ೧೯೦೩ರಲ್ಲಿ ಚಹದ ಮೇಲೆ ಸೆಸ್ ಶಾಸನವಾಗಿ, ಆ ಹಣದಿಂದ ದೇಶದಲ್ಲೆಲ್ಲ ಪ್ರಚಾರವು ನಡೆಯಿತು. ಕಾಫಿಗೆ ಇಂಥ ಸೆಸ್ ಸಮಿತಿಯು ಹುಟ್ಟಿದುದು ೧೯೩೫ರಲ್ಲಿ, ಕಾಫಿ ಮಂಡಳಿಯು ೧೯೪೨ರಲ್ಲಿ. ಅಷ್ಟರಲ್ಲಿ ಚಹವು ಒಂದು ತಲೆಮಾರಿನ ಮುಂದಿತ್ತು.

ಇಲ್ಲಿ ಒಂದು ಸ್ವಾರಸ್ಯವುಂಟು. ಚಹದ ಪ್ರಚಾರಕರು ರೈಲು ನಿಲ್ದಾಣಗಳಲ್ಲಿ ಫಲಕಗಳನ್ನು ಹಾಕಿ ಕಲಿಸಿದ ಪಾಕವು, ಸೊಪ್ಪಿನ ಮೇಲೆ ಬಿಸಿನೀರನ್ನು ಹೊಯ್ದು ಕೆಲವು ನಿಮಿಷ ಬಿಡುವುದು, ಅರ್ಥಾತ್ ಫಾಂಟ. ಜನರು ಫಲಕವನ್ನು ಓದಿದರು, ಚಹವನ್ನು ಕೊಂಡರು, ಪಾಕವನ್ನು ಮಾತ್ರ ತಮ್ಮದನ್ನೇ ಇಟ್ಟುಕೊಂಡರು: ನೀರು, ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಉಕ್ಕು ಬರುವವರೆಗೆ ಕುದಿಸಿದರು. ಇದು ಶಾರ್ಙ್ಗಧರನ ಕ್ಷೀರಪಾಕದ ಜಾತಿಯದು. ಮನೆಯ ಮದ್ದಿಗೆ ಹಾಲಿನಲ್ಲಿ ಶುಂಠಿಯನ್ನು ಕುದಿಸಿ ರೂಢಿಯಿದ್ದ ಕೈಗಳಿಗೆ ಇದು ಸಹಜವಾಗಿತ್ತು. ಆಮೇಲೆ ಬಂದ ಕಾಫಿಯ ಪುಡಿಯು ಇದೇ ಪಾತ್ರೆಗೆ ಬಿದ್ದಿತು. ೧೯೩೮ರಲ್ಲಿ ನೆಸ್‌ಕೆಫೆಯೆಂಬ ಹೆಸರಿನಿಂದ ಸ್ವಿಟ್ಸರ್ಲೆಂಡಿನಲ್ಲಿ ಮಾರಾಟಕ್ಕೆ ಬಂದು, ಮುಂದೆ ಭಾರತಕ್ಕೂ ಹರಡಿದ ಕರಗುವ ಪುಡಿಯಂತೂ ಸೋಸುವ ತೊಡಕನ್ನೇ ಬಿಡಿಸಿದುದರಿಂದ, ಚಹದ ಸೀಮೆಯಲ್ಲಿ ಕಾಫಿಯೆಂದರೆ ಅದೇ ಎಂಬಂತಾಯಿತು.

ಹೀಗಿರುವಾಗ ಅಮೀನಗಡದ ಗೃಹಸ್ಥರು ಯಾವುದನ್ನು ಆರಿಸಬೇಕು? ಹಾಲಿನಲ್ಲಿ ಕುದಿಸುವುದೇ ಇಷ್ಟವಾದರೆ ಕರಗುವ ಪುಡಿಯು ಸಾಕು. ಒಳ್ಳೆಯ ತೋಟದ, ಹೊಸದಾಗಿ ಹುರಿದ ಪುಡಿಯನ್ನು ಹೆಚ್ಚು ಬೆಲೆಗೆ ತಂದು ಕ್ಷೀರಪಾಕಕ್ಕೆ ಹಾಕುವುದು ಗಂಧವನ್ನು ಸೌದೆಯಾಗಿ ಉರಿಸಿದಂತೆ. ಕಾಫಿಯ ಪರಿಮಳವು ಅದರ ಮಧುರವಾದ ಅಂಶಗಳೊಡನೆ ಮೊದಲು ಬಿಟ್ಟುಕೊಂಡು, ಕಹಿಯೂ ಒಗರೂ ಕಡೆಗೆ ಬರುತ್ತವೆ; ಕುದಿಯುವ ನೀರು ಮೊದಲಿನದನ್ನು ಹಾರಿಸಿ ಕಡೆಯದನ್ನು ಹಿಂಡುತ್ತದೆ. ಕುದಿ ಬಂದ ನೀರನ್ನು ಇಳಿಸಿ, ಕೊಂಚ ಹೊತ್ತು ಬಿಟ್ಟು ಹೊಯ್ದರೆ ಈ ದೋಷವು ತಪ್ಪುತ್ತದೆ. ಎರೆಭೂಮಿಯ ಬಾವಿಗಳ ನೀರು ಅನೇಕ ಕಡೆ ಗಡಸಾದುದರಿಂದ, ಅದರ ಕ್ಷಾರವು ಕಾಫಿಯ ನಯವಾದ ಹುಳಿಯನ್ನು ನುಂಗಿ ರುಚಿಯನ್ನು ಮಂಕುಮಾಡುತ್ತದೆ. ಚೆನ್ನಾಗಿ ಕುದಿಸಿ ತಿಳಿಯಾಗಲು ಬಿಟ್ಟ ನೀರನ್ನು ಮತ್ತೆ ಕಾಯಿಸಿ ಹಾಕುವುದು ಲೇಸು. ಯಂತ್ರವನ್ನು ಬದಲಾಯಿಸುವ ಮುನ್ನ ನೀರನ್ನು ಬದಲಾಯಿಸಿ ನೋಡಬೇಕು.

ಇತರ ಸಾಧನಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ೧೯೩೩ರ ಇಟಲಿಯ ಮೋಕಾ ಪಾತ್ರೆಯು ಹಬೆಯ ಒತ್ತಡದಿಂದ ನೀರನ್ನು ಮೇಲಕ್ಕೇರಿಸುತ್ತದೆ. ರಸವು ದಟ್ಟವಾಗುವುದರಿಂದ ಹಾಲಿಗೆ ಒಪ್ಪುತ್ತದೆ, ಉರಿಯ ಮೇಲೆ ಮರೆತರೆ ಸೀದುಹೋಗುತ್ತದೆ. ಜರ್ಮನಿಯ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿಯು ೧೯೦೮ರಲ್ಲಿ ಹಕ್ಕುಪತ್ರ ಪಡೆದ ಕಾಗದದ ಸೋಸಕದಿಂದ ತಿಳಿಯಾದ ಕಾಫಿಯು ಬರುತ್ತದೆ. ಅದು ಹಾಲನ್ನು ತಾಳುವುದಿಲ್ಲ. ಆದರೆ ಅದಕ್ಕೆ ಒಂದು ವಿಶೇಷ ಗುಣವುಂಟು. ಕುದಿಸಿದ ಕಾಫಿಯು ರಕ್ತದಲ್ಲಿ ಕೊಲೆಸ್ಟರಾಲನ್ನು ಹೆಚ್ಚಿಸುತ್ತದೆಂದು ೧೯೮೦ರ ದಶಕದಲ್ಲಿ ಉತ್ತರ ಯೂರೋಪಿನ ವೈದ್ಯರು ಕಂಡರು. ಅದಕ್ಕೆ ಕಾರಣವಾದ ಕೆಫೆಸ್ಟಾಲ್, ಕಹ್ವಿಯಾಲ್ ಎಂಬ ಸ್ನಿಗ್ಧಾಂಶಗಳನ್ನು ಕಾಗದವು ಬಹುಮಟ್ಟಿಗೆ ತಡೆಯುತ್ತದೆ, ಲೋಹದ ರಂಧ್ರಗಳು ಅಷ್ಟಾಗಿ ತಡೆಯವು. ಅರಬ್ಬರ ಕಹ್ವಾಶಬ್ದವು ರಸಾಯನಶಾಸ್ತ್ರದಲ್ಲಿ ಹೀಗೆ ಅಡಗಿ ಕುಳಿತಿರುವುದು ಶಬ್ದಪ್ರಿಯರಿಗೆ ಸಂತೋಷದ ವಿಷಯ. ತಣ್ಣೀರಿನಲ್ಲಿ ರಾತ್ರಿ ನೆನೆಯಿಸಿ ಬೆಳಿಗ್ಗೆ ಸೋಸುವ ಈಚಿನ ನಗರಪದ್ಧತಿಯು ಹಿಮಕಲ್ಪನೆಯೇ. ಅಮೀನಗಡದ ವೈಶಾಖಕ್ಕೆ ಅದು ಹೊಂದಬಹುದು.

ಹಾಲು ಬೆರೆಸಿ ಕುಡಿಯುವ ಮನೆಗೆ, ನಾಲ್ಕು ಜನರು ನಾಲ್ಕು ಹೊತ್ತಿಗೆ ಏಳುವ ಮನೆಗೆ, ಫಿಲ್ಟರೇ ಉತ್ತಮವೆಂದು ಹೇಳಬೇಕಾಗುತ್ತದೆ. ಪುಡಿಯನ್ನು ತರಿಯಾಗಿ ಬೀಸಿಸಿ, ಹಗುರವಾಗಿ ಒತ್ತಿ, ಮೊದಲು ಸ್ವಲ್ಪ ನೀರಿನಿಂದ ನೆನೆಯಿಸಿ, ಅದು ಉಬ್ಬಿದ ಮೇಲೆ ಉಳಿದುದನ್ನು ಹೊಯ್ದು, ಮುಚ್ಚಿ, ಅರ್ಧ ಗಳಿಗೆಗೆ ಕಡಿಮೆಯಿಲ್ಲದೆ ಬಿಡಬೇಕು. ಇಳಿದುದನ್ನು ಮತ್ತೆ ಒಲೆಯ ಮೇಲಿಡಕೂಡದು. ಇಟ್ಟರೆ ಫಾಂಟವು ಕ್ವಾಥವಾಗುತ್ತದೆ. ಕಾಯಬೇಕಾದುದು ಹಾಲು. ಚರಟದ ಮೇಲೆ ಮತ್ತೊಮ್ಮೆ ನೀರನ್ನು ಹೊಯ್ದು ‘ಎರಡನೆಯ ಡಿಕಾಕ್ಷನ್’ ತೆಗೆಯುವ ಮಿತವ್ಯಯವು ಮೈಸೂರಿನ ಮನೆಗಳಲ್ಲಿ ಬಹುಕಾಲ ನಡೆದುಬಂದಿತು. ಮೊದಲನೆಯದು ಯಜಮಾನರಿಗೂ ಅತಿಥಿಗಳಿಗೂ ಸಲ್ಲುತ್ತಿತ್ತು. ನೀಳವಾದ ಎರಡನೆಯದು ಮಕ್ಕಳಿಗೂ, ಕೆಲಸದವರಿಗೂ, ಎಲ್ಲರಿಗೂ ಕೊಟ್ಟ ಮೇಲೆ ಒಲೆಯ ಮುಂದೆಯೇ ಕುಳಿತ ಮನೆಯಾಕೆಗೂ. ಚಹದ ಪಾತ್ರೆಯಲ್ಲಿ ಈ ಭೇದವಿಲ್ಲ. ಒಮ್ಮೆ ಉಕ್ಕಿದುದನ್ನು ಮನೆಯವರೆಲ್ಲರೂ ಸಮನಾಗಿ ಕುಡಿಯುತ್ತಾರೆ. ಫಿಲ್ಟರನ್ನು ಒಳಕ್ಕೆ ತರುವ ಅಮೀನಗಡದ ಮನೆಗಳು ಅದರ ಕೆಳಗಿನ ಪಾತ್ರೆಯನ್ನು ಎಲ್ಲರಿಗೂ ಒಂದೇ ರಸವು ಸಾಲುವಷ್ಟು ದೊಡ್ಡದಾಗಿ ಆರಿಸಿಕೊಳ್ಳುವುದು ಒಳ್ಳೆಯದು.